ಹನ್ನೆರಡು ಕುಣಿಗಳ ಬಣ್ಣದ ತಟ್ಟೆ

ಕಂಪ್ಲಿಯಲ್ಲಿ ನಮ್ಮ ಸೋದರಮಾವನ ಮನೆಯ ಪಡಸಾಲೆಯಲ್ಲಿ ನಾವು ಬರೆದ ಒಂದು ಜಲವರ್ಣ ಚಿತ್ರ ತೂಗುತ್ತಿದೆ. ಹಂಪೆಯ ಮಾತಂಗ ಪರ್ವತದ ನೆತ್ತಿಯಿಂದ ಕಂಡ ಸಂಜೆಯ ನೋಟ ಅದು. ಕೆಳಗೆ ಅಚ್ಯುತರಾಯನ ಗುಡಿ, ಅದರಾಚೆಗೆ ಹೊಳೆ, ಹೊಳೆಯಾಚೆಗೆ ಆನೆಗೊಂದಿಯ ಬಂಡೆಗಳು. ಎಲ್ಲದರ ಮೇಲೆ ಕೆನ್ನೇರಳೆಯ ಮುಗಿಲು. ಮಾವನ ಮಗಳ ಮದುವೆಯ ವರ್ಷ ಅದನ್ನು ಬರೆದು ಕೊಟ್ಟಾಗ ಬಂದವರೆಲ್ಲ ಹೊಗಳಿದ್ದು ಆ ಮುಗಿಲನ್ನೇ. ಆರು ವರ್ಷ ಕಳೆದು ಹೋಗಿ ನೋಡುತ್ತೇವೆ, ಮುಗಿಲಿನ ಕೆಂಪೆಲ್ಲ ಹಾರಿಹೋಗಿದೆ! ತೊಳೆದ ಪಾಟಿಯಂಥ ಬೂದುಬಣ್ಣದ ನೀಲಿಯೊಂದು ಉಳಿದುಕೊಂಡಿದೆ. ಬಂಡೆಗಳು ಮಾತ್ರ ಬರೆದ ದಿನ ಹೇಗಿದ್ದುವೋ ಹಾಗೆಯೇ ಇವೆ. “ಏನಪ್ಪಾ, ಹಂಪ್ಯಾಗ ಹೊತ್ತು ಮುಳುಗೋದು ನಿಂತೈತೇನು?” ಎಂದು ಮಾವ ನಕ್ಕರು. ನಮಗೆ ನಗು ಬರಲಿಲ್ಲ.

ಹಾಳೆ ಒಂದೇ, ಗೋಡೆ ಒಂದೇ, ಪಡುವಣ ಕಿಟಕಿಯಿಂದ ಬೀಳುವ ಬಿಸಿಲೂ ಒಂದೇ. ಆದರೂ ಒಂದು ಬಣ್ಣ ಉಳಿಯಿತು, ಮತ್ತೊಂದು ಅಳಿಯಿತು. ಇದೇಕೆ ಹೀಗೆ ಎಂದು ಯೋಚಿಸುತ್ತ ಹೊಸಪೇಟೆಗೆ ಮರಳಿದವರು, ಅಂದೇ ರಾತ್ರಿ ನಮ್ಮ ಬಣ್ಣದ ಡಬ್ಬಿಯನ್ನು ಚಾಪೆಯ ಮೇಲೆ ಸುರಿದೆವು. ಮುಂದೆ ಹೇಳುವುದೆಲ್ಲ ಆ ರಾತ್ರಿ ಮೊದಲಾದ ಕೆಲಸದ ವೃತ್ತಾಂತ.

ಡಬ್ಬಿಯಲ್ಲಿದ್ದ ಟ್ಯೂಬುಗಳು 34. ಊರೂರಿನ ಅಂಗಡಿಗಳಲ್ಲಿ ಆಸೆಪಟ್ಟು ಕೊಂಡವು, ಗೆಳೆಯರು ಕೊಟ್ಟವು, ಯಾವುದೋ ಬಹುಮಾನದಲ್ಲಿ ಬಂದವು. ಜಲವರ್ಣದ ಹವ್ಯಾಸವುಳ್ಳ ಯಾರ ಮನೆಯಲ್ಲಿಯೂ ಇಂಥ ಸಂಗ್ರಹವೊಂದು ಇದ್ದೇ ಇರುತ್ತದೆ. ಅವುಗಳನ್ನು ಒಂದು ತಟ್ಟೆಗೆ ಹೊಂದಿಸಿಕೊಳ್ಳುವುದು ಹೇಗೆ? ಕಾಮನಬಿಲ್ಲಿನ ಕ್ರಮದಲ್ಲಿ ಸಾಲಾಗಿ ಇಡುವುದು ಸಾಮಾನ್ಯ ಪದ್ಧತಿ. ನಾವೂ ಅದನ್ನೇ ಅನುಸರಿಸುತ್ತಿದ್ದೆವು. ಕಣ್ಣಿಗೆ ಅದು ಚೆಂದ. ಆದರೆ ಬಣ್ಣದ ಹುಟ್ಟುಗುಣವನ್ನು ಅದು ಹೇಳುವುದಿಲ್ಲ. ಒಂದೇ ಕೆಂಪಾಗಿ ಕಾಣುವ ಎರಡು ಬಣ್ಣಗಳಲ್ಲಿ ಒಂದು ಕಲ್ಲು, ಇನ್ನೊಂದು ಬರಿಯ ಅರಗು ಆಗಿರಬಹುದು.

ಜಲವರ್ಣವೆಂದರೆ ಮುಖ್ಯವಾಗಿ ಎರಡು ವಸ್ತುಗಳ ಕೂಟ: ನೀರಿನಲ್ಲಿ ಕರಗದೆ ತೇಲುವ ನುಣ್ಣನೆಯ ವರ್ಣದ್ರವ್ಯ, ಅದನ್ನು ಕಾಗದಕ್ಕೆ ಅಂಟಿಸುವ ಗೋಂದು. ಗೋಂದು ಬಹುಮಟ್ಟಿಗೆ ಆಫ್ರಿಕದ ಅಕೇಷಿಯ ಮರದ್ದು. ನಮ್ಮ ಜಾಲಿಯ ದಾಯಾದಿ. ಒಣಗಿ ಬಿರಿಯದಂತೆ ಅದಕ್ಕೆ ತುಸು ಗ್ಲಿಸರಿನ್ ಅಥವಾ ಜೇನು ಸೇರಿಸುತ್ತಾರೆ. ಎಣ್ಣೆಬಣ್ಣ ಒಣಗುವಾಗ ರಾಸಾಯನಿಕವಾಗಿ ಮಾರ್ಪಡುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಜಲವರ್ಣ ಹಾಗಲ್ಲ, ಅದರಿಂದ ನೀರು ಆರುತ್ತದೆ, ಅಷ್ಟೆ. ಆದುದರಿಂದ ನಮ್ಮ ಡಬ್ಬಿಯಲ್ಲಿ ಕಲ್ಲಾಗಿದ್ದ ನಾಲ್ಕು ಟ್ಯೂಬುಗಳನ್ನು ಎಸೆಯಲಿಲ್ಲ. ಬ್ಲೇಡಿನಿಂದ ತವರವನ್ನು ಸೀಳಿ, ಒಳಗಿನ ಗಟ್ಟಿಯ ಮೇಲೆ ನೀರು ಚಿಮುಕಿಸಿದರೆ ಬಣ್ಣ ಮತ್ತೆ ಎದ್ದುಬಂತು. ಟ್ಯೂಬೆಂಬುದೇ ಈಚಿನ ವಸ್ತು. 1841ರಲ್ಲಿ ಜಾನ್ ಗಾಫ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಕಾರನು ಹಿಚುಕಬಹುದಾದ ತವರದ ಕೊಳವೆಯನ್ನು ಕಂಡುಹಿಡಿಯುವ ಮೊದಲು ಬಣ್ಣಗಳು ಬಿಲ್ಲೆಯಾಗಿ ಸಿಗುತ್ತಿದ್ದುವು, ಇಲ್ಲವೆ ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಎಣ್ಣೆಬಣ್ಣವಾಗಿ ಸಿಗುತ್ತಿದ್ದುವು.

ಮೊದಲು ಮಾಡಿದ ಕೆಲಸ ಹೆಸರುಗಳನ್ನು ಮರೆತದ್ದು. ಟ್ಯೂಬಿನ ಮೇಲಿನ ದೊಡ್ಡಕ್ಷರದ ಹೆಸರು ವ್ಯಾಪಾರಿಯದು; ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಮುದ್ರಿತವಾದ ಸಂಕೇತ ವಿಜ್ಞಾನಿಯದು. ಬಣ್ಣಗಳ ಈ ಅಂತರರಾಷ್ಟ್ರೀಯ ಸೂಚಿ ಮೊದಲು 1925ರಲ್ಲಿ ಇಂಗ್ಲೆಂಡಿನ ರಂಗುಗಾರರ ಸಂಘದಿಂದ ಪ್ರಕಟವಾಯಿತು. ಪಿ.ಆರ್. ಎಂದರೆ ಕೆಂಪು ದ್ರವ್ಯ, ಪಿ.ವೈ. ಎಂದರೆ ಹಳದಿ, ಪಿ.ಬಿ. ಎಂದರೆ ನೀಲಿ, ಮುಂದಿನ ಅಂಕೆ ದ್ರವ್ಯ ಯಾವುದೆಂಬುದನ್ನು ತಿಳಿಸುತ್ತದೆ. ಭೂತಗನ್ನಡಿ ಹಿಡಿದು ಕುಳಿತೆವು. ಒಂಬತ್ತು ಟ್ಯೂಬುಗಳ ಮೇಲೆ ಯಾವ ಸಂಕೇತವೂ ಇರಲಿಲ್ಲ. ಅವು ಮಕ್ಕಳ ಪಾಲಾದುವು. ಉಳಿದ 25ರಲ್ಲಿ ಎಂಟು ಮಿಶ್ರಣಗಳು. ‘ಸ್ಯಾಪ್ ಗ್ರೀನ್’, ‘ಪೇನ್ಸ್ ಗ್ರೇ’ ಮುಂತಾದ ಹೆಸರುಗಳಲ್ಲಿ ಕಾರ್ಖಾನೆಯವರು ಬೆರೆಸಿ ಕೊಟ್ಟ ಇವುಗಳನ್ನು ತಟ್ಟೆಯಲ್ಲಿಯೇ ಬೆರೆಸಿಕೊಳ್ಳಬಹುದು. ಬೆರೆತದ್ದನ್ನು ಮತ್ತೊಂದರೊಡನೆ ಬೆರೆಸಿದಾಗಲೇ ಚಿತ್ರ ಕೆಸರಾಗುವುದು ಹೆಚ್ಚು.

ಉಳಿದುವು ಹದಿನೇಳು. ಅವುಗಳಲ್ಲಿ ಮೂರರ ಹೆಸರುಗಳು ಬೇರೆ ಬೇರೆ: ‘ಇಂಡಿಯನ್ ರೆಡ್’, ‘ವೆನೀಷಿಯನ್ ರೆಡ್’, ‘ಲೈಟ್ ರೆಡ್’. ಮೂರರ ಮೇಲೂ ಪಿ.ಆರ್. 101 ಎಂಬ ಒಂದೇ ಸಂಕೇತ! ಮೂರೂ ಕಬ್ಬಿಣದ ಆಕ್ಸೈಡು; ಇನ್ನೂ ಸರಳವಾಗಿ ಹೇಳಿದರೆ ತುಕ್ಕಿನ ನೆಂಟರು. ಛಾಯೆಯಲ್ಲಿ ಭೇದವಿರುವುದು ಕಣಗಳ ಗಾತ್ರದಿಂದ. ಕಣ ನುಣ್ಣಗಾದಷ್ಟೂ ಕೆಂಪು ಕಿತ್ತಳೆಯತ್ತ ವಾಲುತ್ತದೆ, ದಪ್ಪವಾದಷ್ಟೂ ನೇರಳೆಯತ್ತ ವಾಲುತ್ತದೆ. ಮೂರು ಟ್ಯೂಬುಗಳ ಬೆಲೆ ತೆತ್ತು ನಾವು ಒಂದೇ ವಸ್ತುವನ್ನು ಮೂರು ಸಾರಿ ಕೊಂಡಿದ್ದೆವು. ನೀಲಿಯಲ್ಲಿಯೂ ಎರಡು ಟ್ಯೂಬುಗಳು ಒಂದೇ ಅಲ್ಟ್ರಾಮರೀನ್ ಆಗಿದ್ದುವು. ಹೀಗೆ ಕಳೆದು ಕೂಡಿ ನೋಡಿದಾಗ 34 ಟ್ಯೂಬುಗಳ ಸಂಪತ್ತು 14 ದ್ರವ್ಯಗಳಿಗೆ ಇಳಿಯಿತು.

ಆದರೆ ಮಾವನ ಮುಗಿಲನ್ನು ಅಳಿಸಿದ್ದು ಯಾವುದು? ಅದನ್ನು ಪತ್ತೆ ಮಾಡಲು ಪರೀಕ್ಷೆಯೇ ಆಗಬೇಕಷ್ಟೆ. ಈ ಪರೀಕ್ಷೆಗೆ ಒಂದು ಚರಿತ್ರೆಯುಂಟು. ಜಲವರ್ಣಗಳು ಬೆಳಕಿಗೆ ಕೆಡುತ್ತವೆಯೆ ಇಲ್ಲವೆ ಎಂದು ಇಂಗ್ಲೆಂಡಿನಲ್ಲಿ ದೊಡ್ಡ ವಾದವೆದ್ದಾಗ, ರಸೆಲ್ ಮತ್ತು ಅಬ್ನಿ ಎಂಬ ಇಬ್ಬರು ವಿಜ್ಞಾನಿಗಳು ಬಣ್ಣ ಬಳಿದ ಕಾಗದದ ಪಟ್ಟಿಗಳನ್ನು ಗಾಜಿನ ನಳಿಗೆಗಳಲ್ಲಿರಿಸಿ ಬಿಸಿಲಿಗಿಟ್ಟು 1888ರಲ್ಲಿ ತಮ್ಮ ವರದಿಯನ್ನು ಒಪ್ಪಿಸಿದರು. ಅನೇಕ ಬಣ್ಣಗಳು ಕೆಟ್ಟುವು. ಆದರೆ ಗಾಳಿಯನ್ನೂ ತೇವವನ್ನೂ ತೆಗೆದುಹಾಕಿದ ನಳಿಗೆಗಳಲ್ಲಿ ಬಹುಪಾಲು ಬಣ್ಣಗಳು ಹಾಗೆಯೇ ಉಳಿದುವು. ಬೆಳಕು ಒಂಟಿಯಾಗಿ ಬಣ್ಣವನ್ನು ಕೊಲ್ಲುವುದು ಕಡಮೆ. ಆಮ್ಲಜನಕ, ತೇವ ಇವುಗಳ ಸಹಾಯ ಅದಕ್ಕೆ ಬೇಕು.

ನಮ್ಮಲ್ಲಿ ಗಾಜಿನ ನಳಿಗೆಗಳಿರಲಿಲ್ಲ. ಹೊಸಪೇಟೆಯ ಬಿಸಿಲು ಮಾತ್ರ ಧಾರಾಳವಾಗಿತ್ತು. ಹದಿನಾಲ್ಕು ಪಟ್ಟಿಗಳಲ್ಲಿ ಬಣ್ಣ ಬಳಿದು, ಪ್ರತಿಯೊಂದರ ಅರ್ಧವನ್ನು ಕಪ್ಪು ಕಾಗದದಿಂದ ಮುಚ್ಚಿ, ಯುಗಾದಿಯ ದಿನ ಪಡುವಣ ಕಿಟಕಿಯ ಗಾಜಿಗೆ ಅಂಟಿಸಿದೆವು. ಒಂದೂವರೆ ತಿಂಗಳೊಳಗೆ ಕಡು ಗುಲಾಬಿಯ ಒಂದು ಬಣ್ಣ ಬಹುಮಟ್ಟಿಗೆ ಮಾಯವಾಯಿತು. ಗಣೇಶನ ಹಬ್ಬದ ಹೊತ್ತಿಗೆ ಪಿ.ಆರ್. 83, ಎಂದರೆ ಅಲಿಜರಿನ್ ಕೆಂಪು, ಮುಚ್ಚಿದ ಅರ್ಧಕ್ಕಿಂತ ಸ್ಪಷ್ಟವಾಗಿ ತೆಳುವಾಯಿತು. ಮುಗಿಲಿನ ಕಳ್ಳರು ಇವರೇ! ಆ ಸಂಜೆಯ ಕೆನ್ನೇರಳೆಯನ್ನು ನಾವು ಬೆರೆಸಿದ್ದು ಇವೆರಡನ್ನು ನೀಲಿಗೆ ಸೇರಿಸಿಯೇ. ದೀಪಾವಳಿಯಂದು ಎಲ್ಲ ಪಟ್ಟಿಗಳನ್ನೂ ಬಿಚ್ಚಿ ನೋಡಿದಾಗ ಉಳಿದವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಣ್ಣಿನ ಬಣ್ಣಗಳಲ್ಲಂತೂ ಮುಚ್ಚಿದ್ದು ಯಾವ ಅರ್ಧ, ತೆರೆದದ್ದು ಯಾವ ಅರ್ಧ ಎಂದು ಗುರುತಿಸಲೇ ಆಗಲಿಲ್ಲ.

ಕಾರಣ ಕುತೂಹಲಕರವಾದುದು. ಅಲಿಜರಿನ್ ನಮ್ಮ ಮಂಜಿಷ್ಠದ ಬಂಧುವಾದ ಮ್ಯಾಡರ್ ಬೇರಿನ ರಂಗು; 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್ಮನ್ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಇಂಥ ರಂಗುಗಳು ಇಂಗಾಲದ ಅಣುಗಳ ನಾಜೂಕಾದ ಹೆಣಿಗೆಗಳು. ಬೆಳಕಿನ ಶಕ್ತಿಯನ್ನು ಹೀರಿ ಉದ್ರೇಕಗೊಂಡ ಹೆಣಿಗೆಗೆ ಗಾಳಿಯ ಆಮ್ಲಜನಕ ಸೇರಿ ಒಂದು ಎಳೆ ಕಡಿದರೆ ಬಣ್ಣ ಹೋಯಿತು. ಅರಿಸಿನದ ಕಲೆಯಾದ ಬಟ್ಟೆಯನ್ನು ಒಗೆದು ಬಿಸಿಲಿಗೆ ಹರವಿದರೆ ಕಲೆ ತಾನಾಗಿಯೇ ಹಾರುತ್ತದೆಂಬುದನ್ನು ನಮ್ಮ ಮನೆಗಳಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಕಬ್ಬಿಣದ ಆಕ್ಸೈಡಿನ ಸಂಗತಿ ಬೇರೆ. ಅದು ಆಮ್ಲಜನಕದೊಡನೆ ಆಗಬೇಕಾದಷ್ಟು ಕೂಡಿಯಾಗಿದೆ. ಸುಟ್ಟು ಉಳಿದ ಬೂದಿಯನ್ನು ಮತ್ತೆ ಸುಡಲಾಗದಷ್ಟೆ. ಅದರೊಳಗಿನ ಕಬ್ಬಿಣ ಮತ್ತು ಆಮ್ಲಜನಕಗಳು ಬೆಳಕಿನ ನೀಲಿ ಹಸಿರು ಭಾಗಗಳನ್ನು ನುಂಗಿ ಕೆಂಪನ್ನು ಹಿಂದಕ್ಕೆ ಕಳುಹಿಸುತ್ತವೆ. ಸಾವಿರ ವರ್ಷ ಈ ಕೆಲಸ ಮಾಡಿದರೂ ಅವು ದಣಿಯವು.

ಸಾವಿರ ವರ್ಷವೆಂಬುದು ಅಲಂಕಾರದ ಮಾತಲ್ಲ. ಹಂಪೆಯಿಂದ ಹೊಳೆ ದಾಟಿದರೆ ಆನೆಗೊಂದಿಯ ಸುತ್ತಣ ಗುಡ್ಡಗಳಲ್ಲಿಯೂ, ಅದಕ್ಕೂ ಆಚೆ ಹಿರೇಬೆಣಕಲ್ಲಿನಲ್ಲಿಯೂ ಬಂಡೆಗಳ ಮರೆಯಲ್ಲಿ ಪ್ರಾಗೈತಿಹಾಸಿಕ ಮಾನವನು ಬರೆದ ಮನುಷ್ಯರ, ಪ್ರಾಣಿಗಳ ಚಿತ್ರಗಳಿವೆ. ಬಣ್ಣ ಅದೇ ಕೆಮ್ಮಣ್ಣು. ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿಯಲ್ಲಿ ಗಿರಿಜಾಕಲ್ಯಾಣವನ್ನೂ ಮತ್ಸ್ಯಯಂತ್ರವನ್ನು ಭೇದಿಸುವ ಅರ್ಜುನನನ್ನೂ ತಲೆಯೆತ್ತಿ ನೋಡಿದವರು ಅಲ್ಲಿಯೂ ಕಾವಿಯ ಪ್ರಾಬಲ್ಯವನ್ನು ಗಮನಿಸದಿರಲಾರರು. ಇನ್ನೂ ಹಿಂದಕ್ಕೆ ಹೋಗಬೇಕೆನ್ನುವವರಿಗೆ ದಕ್ಷಿಣ ಆಫ್ರಿಕದ ಬ್ಲಾಂಬಸ್ ಗುಹೆಯುಂಟು. ಅಲ್ಲಿ 2008ರಲ್ಲಿ ದೊರೆತ ಎರಡು ದೊಡ್ಡ ಕಪ್ಪೆಚಿಪ್ಪುಗಳಲ್ಲಿ ಕೆಮ್ಮಣ್ಣು, ಮೂಳೆ, ಇದ್ದಿಲು ಇವುಗಳನ್ನು ಕಲಸಿದ ಗುರುತಿತ್ತು. ಅವುಗಳ ವಯಸ್ಸು ಸುಮಾರು ಒಂದು ಲಕ್ಷ ವರ್ಷ. ಮನುಷ್ಯನ ಮೊದಲ ಬಣ್ಣದ ತಟ್ಟೆ ಎಂದು ಅವನ್ನು ಕರೆಯಲು ನಮಗೆ ಅಡ್ಡಿ ತೋರುವುದಿಲ್ಲ.

ಇದರಿಂದ ಮಣ್ಣಿನವೆಲ್ಲ ಒಳ್ಳೆಯವು, ಕಾರ್ಖಾನೆಯವೆಲ್ಲ ಕೆಟ್ಟವು ಎಂದು ತಿಳಿಯಬಾರದು. ನಮ್ಮ ಕಿಟಕಿಯಲ್ಲಿ ಗೆದ್ದ ಗುಲಾಬಿ ಕ್ವಿನಾಕ್ರಿಡೋನ್ ಎಂಬ ದ್ರವ್ಯ. 1958ರಿಂದ ಈಚೆಗೆ ಮಾರುಕಟ್ಟೆಗೆ ಬಂದ ಕೃತಕ ವಸ್ತು. ಥಾಲೊ ನೀಲಿ 1935ರ ಸುಮಾರಿಗೆ ಬಂದುದು. ಇಂಗಾಲದ ಬಲವಾದ ಉಂಗುರದ ನಡುವೆ ತಾಮ್ರದ ಪರಮಾಣು ಕುಳಿತ ಆ ಅಣು ಬಿಸಿಲಿಗೆ ಜಗ್ಗುವುದಿಲ್ಲ. ಅಲ್ಟ್ರಾಮರೀನ್ ಹಿಂದೆ ಆಫ್ಘಾನಿಸ್ತಾನದ ನೀಲಿಕಲ್ಲನ್ನು ಅರೆದು ಪಡೆಯುತ್ತಿದ್ದ, ಚಿನ್ನದ ಬೆಲೆಯ ಬಣ್ಣ. 1820ರ ದಶಕದಲ್ಲಿ ಫ್ರಾನ್ಸಿನ ಗಿಮೆ ಎಂಬಾತನು ಅದನ್ನು ಕೃತಕವಾಗಿ ತಯಾರಿಸಿದ ಮೇಲೆ ಎಷ್ಟು ಅಗ್ಗವಾಯಿತೆಂದರೆ, ನಮ್ಮ ತಾಯಂದಿರು ಬಿಳಿಯ ಬಟ್ಟೆಗೆ ಹಾಕುತ್ತಿದ್ದ ನೀಲಿಪುಡಿಯೂ ಅದೇ, ಗೋಡೆಯ ಸುಣ್ಣಕ್ಕೆ ಬೆರೆಸುತ್ತಿದ್ದುದೂ ಅದೇ. ಸುಣ್ಣಕ್ಕೆ ಹೆದರದ ಈ ನೀಲಿ ಆಮ್ಲ ಸೋಂಕಿದರೆ ಬಿಳಿಚಿಕೊಳ್ಳುತ್ತದೆ.

ಇಷ್ಟಾದ ಮೇಲೆ ನಮಗೆ ಒಂದು ಹಟ ಹುಟ್ಟಿತು. ಮಣ್ಣಿನ ಬಣ್ಣವನ್ನು ಸಮುದ್ರದಾಚೆಯಿಂದ ತರಿಸಿ ಕೊಳ್ಳುವುದೇಕೆ? ‘ಇಂಡಿಯನ್ ರೆಡ್’ ಎಂಬ ಹೆಸರೇ ಅದು ಮೊದಲು ನಮ್ಮ ದೇಶದಿಂದ ಹೋದ ಕೆಂಪೆಂಬುದನ್ನು ಹೇಳುತ್ತದೆ. ಹೊಸಪೇಟೆಯ ದಕ್ಷಿಣಕ್ಕೆ ತಲೆಯೆತ್ತಿ ನಿಂತ ಸಂಡೂರಿನ ಬೆಟ್ಟಗಳೋ ಕಬ್ಬಿಣದ ಅದಿರಿನ ಕಣಜ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1895ರಲ್ಲಿ ಪ್ರಕಟಿಸಿದ ಬಳ್ಳಾರಿ ಜಿಲ್ಲೆಯ ಭೂರಚನೆಯ ಗ್ರಂಥದಲ್ಲಿ ಈ ಬೆಟ್ಟಗಳನ್ನು ವಿವರಿಸಿದ್ದಾನೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಕಡಲಿನ ನೀರಿನಲ್ಲಿ ಕರಗಿದ್ದ ಕಬ್ಬಿಣ ಪದರ ಪದರವಾಗಿ ತಳಕ್ಕೆ ಇಳಿದು ಕಲ್ಲಾದ ನೆಲ ಇದು. ಗಣಿಯ ಲಾರಿಗಳು ಹಗಲಿರುಳೂ ಓಡುತ್ತಿದ್ದ ದಿನಗಳಲ್ಲಿ, 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ತಡೆಯುವುದಕ್ಕೆ ಮೊದಲು, ದಾರಿಯ ಬದಿಯ ಬೇವಿನ ಮರಗಳನ್ನು ಬರೆಯಲು ಹಸಿರು ಬಣ್ಣವೇ ಬೇಕಾಗುತ್ತಿರಲಿಲ್ಲ.

ಮಳೆ ನಿಂತ ಮೇಲೆ ಒಂದು ಭಾನುವಾರ ಸಂಡೂರಿಗೆ ಹೋದೆವು. ಬೆಟ್ಟಗಳು ಹಸಿರು ಹೊದ್ದಿದ್ದುವು. ರಸ್ತೆಗಾಗಿ ಕಡಿದ ದಿಣ್ಣೆಗಳಲ್ಲಿ ಮಾತ್ರ ಒಳಗಿನ ಕೆಂಪು ಕಾಣುತ್ತಿತ್ತು. ಗಣಿಯ ಗೊಡವೆಗೆ ಹೋಗದೆ, ಹಳ್ಳದ ನೀರು ತಂದು ಹರವಿದ್ದ ಮಣ್ಣನ್ನೇ ಎರಡು ಹಿಡಿ ಆಯ್ದುಕೊಂಡೆವು. ಜೊತೆಗೆ ಬಚ್ಚಲಿನ ಟೈಲಿನ ಒಂದು ಚೂರನ್ನೂ ಒಯ್ದಿದ್ದೆವು. ಉಕ್ಕಿನ ಬೂದುಬಣ್ಣದ ಭಾರವಾದ ಹರಳೊಂದನ್ನು ಅದರ ಒರಟು ಹಿಂಬದಿಗೆ ಉಜ್ಜಿದಾಗ ಬಿದ್ದ ಗೆರೆ ರಕ್ತದಂತೆ ಕೆಂಪು! ಅದು ಹೆಮಟೈಟು, ಗಟ್ಟಿಯಾಗಿದ್ದಾಗ ಕಪ್ಪು, ಪುಡಿಯಾದಾಗ ಕೆಂಪು. ಅದರಂತೆಯೇ ಕಂಡ ಇನ್ನೊಂದು ಹರಳು ಮಸಿಯಂಥ ಗೆರೆ ಎಳೆಯಿತು, ಅದು ಮ್ಯಾಂಗನೀಸು. ಸಂಡೂರಿನಲ್ಲಿ ಎರಡೂ ಉಂಟು. ಕಬ್ಬಿಣದ ಮಣ್ಣಿಗೆ ಮ್ಯಾಂಗನೀಸು ಸೇರಿದರೆ ದೊರೆಯುವ ಕಂದೇ ಚಿತ್ರಕಾರರ ‘ಅಂಬರ್’. ಈ ಮ್ಯಾಂಗನೀಸಿನ ಹರಳನ್ನು ನಾವು ಅಲ್ಲಿಯೇ ಬಿಟ್ಟು ಬಂದೆವು. ಅದರ ದೂಳು ಉಸಿರಿನೊಡನೆ ಬಹುಕಾಲ ಒಳಹೊಕ್ಕರೆ ನರಗಳಿಗೆ ಕೇಡು. ಮನೆಯಲ್ಲಿ ಅರೆಯುವ ವಸ್ತು ಅದಲ್ಲ. ಕೆಂಪುಮಣ್ಣನ್ನು ಅರೆಯುವಾಗಲೂ ನೀರು ಹಾಕಿಯೇ ಅರೆಯಬೇಕು.

ಮಣ್ಣು ಬಣ್ಣವಾಗುವ ವಿಧಾನ ನಮ್ಮ ಅಜ್ಜಿಯರು ಗೋಡೆಗೆ ಜಾಜು ಬಳಿಯಲು ಅಣಿಮಾಡುತ್ತಿದ್ದ ವಿಧಾನವೇ. ಮಣ್ಣನ್ನು ಬಕೆಟ್ಟಿನ ನೀರಿನಲ್ಲಿ ಕದಡಿ ಅರೆನಿಮಿಷ ಬಿಟ್ಟರೆ ಮರಳು ತಳಕ್ಕೆ ಹೋಗುತ್ತದೆ. ಮೇಲಿನ ಕೆಂಪುನೀರನ್ನು ಬೇರೆ ಪಾತ್ರೆಗೆ ಬಸಿದು ರಾತ್ರಿಯೆಲ್ಲ ಬಿಡಬೇಕು. ಬೆಳಗಿಗೆ ತಿಳಿನೀರನ್ನು ಚೆಲ್ಲಿದರೆ ತಳದಲ್ಲಿ ಬೆಣ್ಣೆಯಂಥ ಗಸಿ. ಇದನ್ನು ಮೂರು ಸಾರಿ ಮಾಡಿ, ಒಣಗಿಸಿ, ಗಾಜಿನ ಮೇಲೆ ಗೋಂದಿನ ನೀರಿನೊಡನೆ ಒಂದು ತಾಸು ಅರೆದೆವು. ಕೈ ಸೋತಿತು, ಆದರೆ ಕಾಗದದ ಮೇಲೆ ಎಳೆದ ಮೊದಲ ಗೆರೆ ಹಂಪೆಯ ಗುಡಿಯ ಗೋಡೆಯ ಪಟ್ಟೆಯದೇ ಬಣ್ಣ. ದಾರಿಯಲ್ಲಿ ಸಿಕ್ಕ ಹಳದಿ ಮಣ್ಣಿನ ಒಂದು ಚಿಟಿಕೆಯನ್ನು ಹಳೆಯ ಕಬ್ಬಿಣದ ಹಂಚಿನ ಮೇಲೆ ಹಾಕಿ ಚೆನ್ನಾಗಿ ಕಾಯಿಸಿದೆವು. ನೋಡುತ್ತಿದ್ದಂತೆಯೇ ಅದು ಕೆಂಪಾಯಿತು. ಹಳದಿ ಮಣ್ಣಿನ ಕಬ್ಬಿಣದ ಅಣುವಿನಲ್ಲಿ ನೀರಿನ ಅಂಶ ಸೇರಿಕೊಂಡಿರುತ್ತದೆ. ಸುಮಾರು 300 ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ ಅದು ಹೊರಟುಹೋಗಿ ಉಳಿಯುವುದು ಹೆಮಟೈಟು. ಬಣ್ಣದ ಹೆಸರುಗಳಲ್ಲಿ ‘ಬರ್ನ್ಟ್’, ಎಂದರೆ ಸುಟ್ಟ, ಎಂಬ ಮಾತಿರುವುದು ಇದಕ್ಕಾಗಿಯೇ.

ಈಗ ತಟ್ಟೆಯ ಮಾತು. ಆರಾರರಂತೆ ಎರಡು ಸಾಲಿನ ಹನ್ನೆರಡು ಕುಣಿಗಳ ಮಡಚುವ ತಗಡಿನ ತಟ್ಟೆ ನಮ್ಮದು. ಹದಿನಾಲ್ಕರಲ್ಲಿ ಕಳ್ಳರಿಬ್ಬರು ಹೋದ ಮೇಲೆ ಹನ್ನೆರಡು ಉಳಿದುವು; ಅದರಲ್ಲಿ ಕಪ್ಪನ್ನೂ ತೆಗೆದೆವು, ಏಕೆಂದರೆ ಅಲ್ಟ್ರಾಮರೀನಿಗೆ ಸುಟ್ಟ ಅಂಬರ್ ಸೇರಿಸಿದರೆ ಜೀವವುಳ್ಳ ಕಪ್ಪು ಸಿಗುತ್ತದೆ. ತೆರವಾದ ಕುಣಿ ಸಂಡೂರಿನ ಜಾಜಿನದಾಯಿತು. ಕಾಮನಬಿಲ್ಲಿನ ಕ್ರಮವನ್ನು ಬಿಟ್ಟು ಎರಡು ಸಾಲುಗಳಿಗೆ ಎರಡು ಕುಲಗಳನ್ನು ಕೂರಿಸಿದೆವು. ಮೇಲಿನ ಸಾಲು ನುಣ್ಣನೆಯ, ಪಾರದರ್ಶಕವಾದ, ಕಾಗದದ ನಾರಿಗೆ ಇಳಿದರೆ ಮತ್ತೆ ಏಳದ ಬಣ್ಣಗಳದು: ನಿಂಬೆಯ ಹಳದಿ, ಚೆಂಡುಹೂವಿನ ಹಳದಿ, ದಾಸವಾಳದ ಕೆಂಪು, ಕ್ವಿನಾಕ್ರಿಡೋನ್ ಗುಲಾಬಿ, ಥಾಲೊ ನೀಲಿ, ಥಾಲೊ ಹಸಿರು. ಕೆಳಗಿನ ಸಾಲಿನಲ್ಲಿ ಭಾರವಾದ, ಒದ್ದೆ ಕುಂಚದಿಂದ ಉಜ್ಜಿದರೆ ಏಳುವ ಬಣ್ಣಗಳು: ಹಳದಿ ಮಣ್ಣು, ಜಾಜು, ಸುಟ್ಟ ಸಿಯೆನ್ನ, ಇಂಡಿಯನ್ ರೆಡ್, ಸುಟ್ಟ ಅಂಬರ್, ಕೊನೆಯಲ್ಲಿ ಅಲ್ಟ್ರಾಮರೀನ್. ಈ ನೀಲಿ ಮಣ್ಣಲ್ಲವಾದರೂ ಗುಣದಲ್ಲಿ ಮಣ್ಣಿನ ಕುಲಕ್ಕೆ ಸೇರಿದುದು, ಕೆಲಸ ಮಾಡುವುದೂ ಅವುಗಳೊಡನೆಯೇ. ಥಾಲೊ ಜೋಡಿಯನ್ನು ಹಳದಿಗಳಿಂದ ಆದಷ್ಟು ದೂರ ಇಡುವುದು ಅವಶ್ಯ. ಒಂದು ಹನಿ ತುಳುಕಿದರೆ ಇಡೀ ಹಳದಿ ಕುಣಿ ಹಸಿರಾಗುತ್ತದೆ. ಕೆಳಸಾಲಿನಿಂದ ಕುಂಚ ತುಂಬ ತೆಗೆದುಕೊಳ್ಳಬಹುದು, ಮೇಲುಸಾಲಿನಿಂದ ಸೂಜಿಯ ಮೊನೆಯಷ್ಟು. ಇದು ನಾವು ಕಂಡುಕೊಂಡ ಲೆಕ್ಕ.

ಕುಣಿಯನ್ನು ಒಂದೇ ಸಲ ತುಂಬಬಾರದು. ನಮ್ಮ ಕಡೆಯ ಬೇಸಗೆಯಲ್ಲಿ ಬಣ್ಣ ಒಣಗಿ ಕೆರೆಯ ತಳದಂತೆ ಬಿರುಕುಬಿಟ್ಟು, ಪೆಟ್ಟಿಗೆ ಅಲುಗಿದಾಗ ಉದುರಿಹೋಗುತ್ತದೆ. ಮೂರು ಕಂತಿನಲ್ಲಿ ತುಂಬಿ, ನಡುನಡುವೆ ಒಣಗಲು ಬಿಟ್ಟು, ಒಂದೊಂದು ಹನಿ ಗ್ಲಿಸರಿನ್ ಸೇರಿಸಿದರೆ ನಿಲ್ಲುತ್ತದೆ. ಜೇನು ಹಾಕಿದ ಜಾಜಿನ ಕುಣಿಯನ್ನು ಒಂದೇ ರಾತ್ರಿಯಲ್ಲಿ ಇರುವೆಗಳು ಮುತ್ತಿದುವೆಂಬುದನ್ನು ಅನುಭವದಿಂದ ಹೇಳುತ್ತೇವೆ.

ತಟ್ಟೆ ಕೂಡಿದ ಮೇಲೆ ಅದನ್ನು ಹೊತ್ತು ಹೇಮಕೂಟಕ್ಕೆ ಹೋದೆವು. ಹಂಪೆಯ ಗ್ರಾನೈಟು ಬಂಡೆಯ ನಸುಗೆಂಪು ಅದರ ಫೆಲ್ಡ್‌ಸ್ಪಾರ್ ಹರಳುಗಳದು. ಆ ಹರಳುಗಳ ಕೆಂಪಾದರೂ ಒಳಗೆ ಹುದುಗಿದ ಹೆಮಟೈಟಿನ ಅತಿಸೂಕ್ಷ್ಮ ಕಣಗಳದು. ಎಂದರೆ ಸಂಡೂರಿನ ಕೆಂಪೂ ಹಂಪೆಯ ಕೆಂಪೂ ಒಂದೇ ವಸ್ತುವಿನವು. ಜಾಜನ್ನು ನೀರಾಗಿ ಎಳೆದು, ಒದ್ದೆಯಿರುವಾಗಲೇ ನೆರಳಿನ ಕಡೆ ಅಲ್ಟ್ರಾಮರೀನ್ ತಾಕಿಸಿದರೆ, ಎರಡರ ದಪ್ಪ ಕಣಗಳೂ ಕಾಗದದ ತಗ್ಗುಗಳಲ್ಲಿ ಬೇರೆ ಬೇರೆಯಾಗಿ ಕೂತು ಬಂಡೆಯ ಮೈಯ ತರಿತರಿ ತಾನಾಗಿ ಮೂಡುತ್ತದೆ. ಥಾಲೊ ನೀಲಿಯಿಂದ ಇದು ಸಾಧ್ಯವಿಲ್ಲ. ಅದು ಬಂಡೆಯನ್ನು ಪ್ಲಾಸ್ಟಿಕ್ಕಿನಂತೆ ಮಾಡುತ್ತದೆ. ಆದರೆ ಕಂಪ್ಲಿಯ ಹೊಳೆಯ ಬದಿಯ ನಾಟಿಗದ್ದೆಗಳ ಮುಂದೆ ಕುಳಿತಾಗ ಮಣ್ಣಿನ ಸಾಲು ಸೋತಿತು. ಎಳೆಯ ಭತ್ತದ ಆ ಹಸಿರಿಗೆ ನಿಂಬೆಯ ಹಳದಿಯೂ ಒಂದು ಚೂರು ಥಾಲೊ ಹಸಿರೂ ಬೇಕೇ ಬೇಕು. ಅದು ಕಣ್ಣಿಗೆ ಚುಚ್ಚದಂತೆ ಕೊನೆಗೆ ಜಾಜಿನ ಒಂದು ಹನಿ.

ಅದೇ ಪಯಣದಲ್ಲಿ ಮಾತಂಗ ಪರ್ವತವನ್ನೂ ಮತ್ತೆ ಹತ್ತಿ ಬರೆದ ಸಂಜೆಯ ಚಿತ್ರವನ್ನು ಮಾವನಿಗೆ ಒಪ್ಪಿಸಿದೆವು. ಮುಗಿಲಿಗೆ ಈ ಬಾರಿ ಕ್ವಿನಾಕ್ರಿಡೋನ್ ಗುಲಾಬಿ, ಅಲ್ಟ್ರಾಮರೀನ್, ಅಂಚಿಗೆ ತುಸು ಜಾಜು. ಹಳೆಯದನ್ನು ಇಳಿಸಿ ಅದೇ ಮೊಳೆಗೆ ಇದನ್ನು ತೂಗುಹಾಕೋಣವೆಂದರೆ ಮಾವ ಒಪ್ಪಲಿಲ್ಲ. ಮಗಳ ಮದುವೆಯ ವರ್ಷದ್ದು, ಅದು ಅಲ್ಲಿಯೇ ಇರಲಿ ಎಂದರು. ಹೊಸದನ್ನು ಬಿಸಿಲು ಬೀಳದ ಒಳಕೋಣೆಯ ಗೋಡೆಗೆ ಹಾಕಿಸಿ ಬಂದೆವು.